ಸಸಿಗೆ ಪೊಟರೆ ಎಲ್ಲಿ?

ಪುಣೆಯ ಮುಳಾ, ಮುಠಾ, ಮುಳಾ-ಮುಠಾ ನದಿಗಳ ದಂಡೆಯನ್ನು ಸುಮಾರು 44 ಕಿಲೋಮೀಟರ್ ಉದ್ದಕ್ಕೆ ಕಟ್ಟಿ ಸುಂದರಗೊಳಿಸುವ ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಅಹಮದಾಬಾದಿನ ಸಾಬರಮತಿ ಇದರ ಮಾದರಿ. ಕೊಳಚೆನೀರನ್ನು ಶುದ್ಧೀಕರಿಸುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಅದು ಎಂದೋ ಆಗಬೇಕಿದ್ದ ಕೆಲಸ. ಆದರೆ ನೀರನ್ನು ತೊಳೆಯುವುದಕ್ಕಾಗಿ ದಂಡೆಯ ಕಾಡನ್ನು ಬೋಳಿಸಬೇಕೆಂಬುದು ಯಾವ ನ್ಯಾಯ?

ಕಡಿದ ಮರಗಳಿಗೆ ಬದಲಾಗಿ ಹೆಚ್ಚು ಸಸಿ ನೆಡುತ್ತೇವೆ ಎಂಬುದು ಸಿದ್ಧ ಉತ್ತರ. ಈ ಲೆಕ್ಕದಲ್ಲಿ ಮರವೆಂದರೆ ಒಂದು ಸಂಖ್ಯೆ. ಹಕ್ಕಿಯ ಲೆಕ್ಕ ಬೇರೆ. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆಯನ್ನು ಹೊಕ್ಕು, ಅದರ ಬಾಯನ್ನು ಮೆತ್ತಿ, ಕಿರಿದಾದ ಸೀಳೊಂದನ್ನೇ ಉಳಿಸಿಕೊಂಡು ಮೊಟ್ಟೆಯಿಡುತ್ತದೆ. ಗಂಡು ತಂದ ಹಣ್ಣನ್ನು ಆ ಸೀಳಿನಲ್ಲೇ ಪಡೆಯುತ್ತದೆ. ಅಂಥ ಪೊಟರೆ ಮೂಡಲು ದಶಕಗಳು ಬೇಕು. ತಂತಿಬೇಲಿಯೊಳಗಿನ ಸಸಿಗೆ ಅದು ಎಲ್ಲಿಂದ ಬರಬೇಕು? ಕುಟ್ರು, ಮರಕುಟಿಗಗಳು ಒಣಕೊಂಬೆಯಲ್ಲಿ ಕೊರೆದು ಬಿಟ್ಟ ಗೂಡುಗಳಲ್ಲಿ ಮಡಿವಾಳ, ಗಿಳಿಗಳು ಸಂಸಾರ ಹೂಡುತ್ತವೆ. ನಮ್ಮ ಉದ್ಯಾನಗಳಲ್ಲಾದರೋ ಒಣಕೊಂಬೆ ಕಂಡೊಡನೆ ಗರಗಸ ಏಳುತ್ತದೆ.

ನದೀತೀರದ ಕಾಡಿಗೆ ಹಕ್ಕಿಗಳೇ ಒಕ್ಕಲು. ಅತ್ತಿ, ಆಲ, ಬಸರಿಯ ಹಣ್ಣು ತಿಂದ ಕುಟ್ರು, ಪಿಕಳಾರ, ಕೋಗಿಲೆಗಳು ಬೀಜವನ್ನು ಹಿಕ್ಕೆಯೊಡನೆ ದೂರದೂರಕ್ಕೆ ಬಿತ್ತುತ್ತವೆ. ಸೂರಕ್ಕಿಗಳು ಪರಾಗ ಒಯ್ಯುತ್ತವೆ. ಕೀಟಾಹಾರಿಗಳು ಹುಳುಗಳನ್ನು ಹದ್ದಿನಲ್ಲಿಡುತ್ತವೆ. ದಂಡೆ ಕಾಂಕ್ರೀಟಾದ ಮೇಲೆ ಬಿದ್ದ ಬೀಜಕ್ಕೆ ಮೊಳೆಯಲು ಮಣ್ಣಿಲ್ಲ, ಮಿಂಚುಳ್ಳಿಗೆ ಬಿಲ ತೋಡಲು ಮಣ್ಣಿನ ಗೋಡೆಯಿಲ್ಲ.

ರೆಕ್ಕೆಯಿರುವ ಹಕ್ಕಿ ಬೇರೆಡೆ ಹೋದೀತು ಎನ್ನುವವರಿದ್ದಾರೆ. ಆ ‘ಬೇರೆಡೆ’ ಖಾಲಿ ಬಿದ್ದಿಲ್ಲ; ಅಲ್ಲಿನ ಪೊಟರೆಗಳಿಗೆ ಆಗಲೇ ಒಡೆಯರಿದ್ದಾರೆ. ಇಲ್ಲಿ ಉಳಿಯುವುದು ಪಾರಿವಾಳ. ಅದು ಕಾಳನ್ನು ಜಠರದಲ್ಲಿ ಅರೆದುಬಿಡುತ್ತದೆ. ಅದರಿಂದ ಕಾಡು ಹುಟ್ಟದು. ಆಕಾಶದಲ್ಲಿ ಹಕ್ಕಿಗಳ ಸಂಖ್ಯೆ ಕುಗ್ಗದೆಯೂ ಇರಬಹುದು, ನೆಲದಲ್ಲಿ ಅವು ಮಾಡುತ್ತಿದ್ದ ಕೆಲಸ ನಿಂತಿರುತ್ತದೆ.

ಇದು ಪರರ ನದಿ, ನಮಗೇಕೆ ಎಂದು ಪುಣೆಯ ಕನ್ನಡಿಗರು ಸುಮ್ಮನಿರುವಂತಿಲ್ಲ. ಮುಳಾ-ಮುಠಾ ಸೇರುವುದು ಭೀಮೆಯನ್ನು. ಭೀಮೆ ಉಜನಿಯನ್ನು ದಾಟಿ ವಿಜಯಪುರ, ಕಲಬುರಗಿಗಳ ಸೀಮೆಗಿಳಿದು ಕೃಷ್ಣೆಯನ್ನು ಕೂಡುತ್ತದೆ. ನಾವು ಇಲ್ಲಿ ಕೆಡಿಸಿದ್ದು ನಮ್ಮವರ ಹೊಲದಂಚಿಗೇ ಹರಿಯುತ್ತದೆ.

ಆದ್ದರಿಂದ ಮೊದಲು ಕೊಳಚೆ ನಿಲ್ಲಲಿ. ಪೊಟರೆಯಿರುವ ಹಳೆಯ ಮರಗಳನ್ನೂ ಮಣ್ಣಿನ ದಂಡೆಯನ್ನೂ ಯೋಜನೆಯಿಂದ ಹೊರಗಿಡಲಿ. ಮರಕ್ಕೆ ಕಡಿತದ ಸೂಚನಾಪತ್ರ ಅಂಟಿಸಿದ್ದು ಕಂಡಾಗ ನಾವು ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸೋಣ. ಮಂಗಟ್ಟೆಗೆ ಅರ್ಜಿ ಬರೆಯಲು ಬಾರದು, ನಮಗೆ ಬರುತ್ತದೆ.