ಮುತ್ತಜ್ಜನ ಹೆಸರಿಗೆ ದಾಖಲೆ ಎಲ್ಲಿದೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ– ಈ ನಾಲ್ಕು ತಾಲ್ಲೂಕುಗಳ ಯಾವುದೇ ನಾಡಕಚೇರಿಯ ಮುಂದೆ ಅರ್ಧ ದಿನ ನಿಂತರೆ ಸಾಕು, ಒಂದು ವಿಚಿತ್ರ ಸಂಶೋಧನೆ ನಡೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ರೈತರು ಮಡಚಿದ ಕಾಗದವೊಂದನ್ನು ಬಿಡಿಸಿ ಹಿಡಿದಿರುತ್ತಾರೆ. ಅದರ ತುದಿಯಲ್ಲಿ ‘ಮೂಲಪುರುಷ’ ಎಂದು ಬರೆದು ಒಂದು ಹೆಸರು. ಅದರ ಕೆಳಗೆ ಕವಲೊಡೆದ ಗೆರೆಗಳು. ಕೆಲವು ಹೆಸರುಗಳ ಪಕ್ಕದಲ್ಲಿ ‘ಮರಣ’ ಎಂಬ ಒಂದೇ ಪದ. ಸತ್ತ ವರ್ಷ ಯಾವುದು, ದೊಡ್ಡಜ್ಜನಿಗೆ ಎಷ್ಟು ಮಂದಿ ಹೆಂಡಿರು, ಊರು ಬಿಟ್ಟುಹೋದ ಚಿಕ್ಕಜ್ಜನಿಗೆ ಮಕ್ಕಳಿದ್ದರೇ ಎಂಬ ಪ್ರಶ್ನೆಗಳಿಗೆ ಅಲ್ಲೇ, ಕಟ್ಟೆಯ ಮೇಲೆ, ಉತ್ತರ ಹುಡುಕಲಾಗುತ್ತಿರುತ್ತದೆ.

ಈ ಹುಡುಕಾಟಕ್ಕೆ ಈಗ ಅವಸರ ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಈ ತಾಲ್ಲೂಕುಗಳ ಹೊಲಗಳನ್ನು ಸೀಳಿಕೊಂಡು ಸಾಗುತ್ತಿವೆ. ತುಮಕೂರು–ದಾವಣಗೆರೆ ರೈಲುಮಾರ್ಗ ಹಿರಿಯೂರು, ಚಿತ್ರದುರ್ಗಗಳ ಮೂಲಕ ಹೋಗುತ್ತದೆ. ಭೂಮಿ ಕಳೆದುಕೊಂಡವನಿಗೆ ಪರಿಹಾರ ಸಿಗಬೇಕಾದರೆ ಪಹಣಿಯಲ್ಲಿ ಅವನ ಹೆಸರಿರಬೇಕು. ಆದರೆ ಎಷ್ಟೋ ಪಹಣಿಗಳಲ್ಲಿ ಇಂದಿಗೂ ಇರುವುದು ತೀರಿಕೊಂಡ ಅಜ್ಜನ ಹೆಸರು. ಅದನ್ನು ಬದಲಿಸಲು ಪೌತಿ ಖಾತೆ ಆಗಬೇಕು. ಪೌತಿ ಖಾತೆಗೆ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ಸತ್ತು ಒಂದು ವರ್ಷ ದಾಟಿದ ಮೇಲೆ ಮರಣ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸತ್ತ ಕೃಷಿಕರ ಹೆಸರಿನಲ್ಲೇ ಉಳಿದ ಖಾತೆಗಳನ್ನು ವಾರಸುದಾರರಿಗೆ ವರ್ಗಾಯಿಸುವ ಇ–ಪೌತಿ ಅಭಿಯಾನವನ್ನು ಕಂದಾಯ ಇಲಾಖೆ 2025ರಲ್ಲಿ ಕೈಗೆತ್ತಿಕೊಂಡಿತು. ಉದ್ದೇಶ ಒಳ್ಳೆಯದೇ. ಆದರೆ ಅದರ ಯಶಸ್ಸು ಕೊನೆಗೆ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ನಿಮ್ಮ ಪೂರ್ವಿಕರು ಯಾರು ಎಂಬುದಕ್ಕೆ ನಿಮ್ಮ ಬಳಿ ಏನು ಪುರಾವೆಯಿದೆ?

ಇದೇ ಪ್ರಶ್ನೆ ಬೇರೆ ದೇಶಗಳಲ್ಲಿ ಹವ್ಯಾಸವಾಗಿದೆ. 1620ರಲ್ಲಿ ‘ಮೇಫ್ಲವರ್’ ಹಡಗಿನಲ್ಲಿ ಸುಮಾರು ನೂರು ಮಂದಿ ಇಂಗ್ಲೆಂಡಿನಿಂದ ಅಮೆರಿಕದ ಪ್ಲಿಮತ್‌ಗೆ ಬಂದರು. ಮುಂದಿನ ಎರಡು ದಶಕಗಳಲ್ಲಿ ಸುಮಾರು 20 ಸಾವಿರ ಜನ, ಬಹುಪಾಲು ಪ್ಯೂರಿಟನ್ ಪಂಥದವರು, ಅದೇ ಕರಾವಳಿಯಲ್ಲಿ ನೆಲೆ ಕಂಡರು. ಅವರ ಸಂತತಿಯವರು ಇಂದು ಹನ್ನೆರಡು–ಹದಿಮೂರು ತಲೆಮಾರುಗಳನ್ನು ಹೆಸರು, ತಾರೀಖುಗಳ ಸಮೇತ ಹೇಳಬಲ್ಲರು. ಕಾರಣ ಸರಳ. ಮ್ಯಾಸಚೂಸೆಟ್ಸ್ ವಸಾಹತು 1639ರಷ್ಟು ಹಿಂದೆಯೇ ಜನನ, ಮರಣ, ಮದುವೆಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿತು. ಚರ್ಚಿನ ಸದಸ್ಯರ ಪಟ್ಟಿ, ಊರಿನ ಜಮೀನು ಹಂಚಿಕೆಯ ಪುಸ್ತಕ, ಉಯಿಲು– ಎಲ್ಲವೂ ಉಳಿದವು. 1845ರಲ್ಲೇ ಬಾಸ್ಟನ್ನಿನಲ್ಲಿ ವಂಶಾವಳಿಗಳಿಗೆಂದೇ ಒಂದು ಸಂಸ್ಥೆ ಹುಟ್ಟಿತು. ಆರಂಭದ ಈ ವಲಸಿಗರಲ್ಲಿ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಶೋಧಿಸುವ ಕೆಲಸವನ್ನು ಆ ಸಂಸ್ಥೆ 1988ರಿಂದ ನಡೆಸುತ್ತಾ ಬಂದಿದೆ.

ಆದರೆ ಅದೇ ಅಮೆರಿಕದಲ್ಲಿ ಇನ್ನೊಂದು ಚಿತ್ರವೂ ಇದೆ. ಗುಲಾಮರಾಗಿದ್ದವರ ಮೊಮ್ಮಕ್ಕಳು ತಮ್ಮ ಪೂರ್ವಿಕರನ್ನು ಹುಡುಕುತ್ತಾ ಹೋದರೆ 1870ರ ಜನಗಣತಿಯ ಬಳಿ ಗೋಡೆಗೆ ಹಣೆ ತಾಗಿದಂತಾಗುತ್ತದೆ. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಗುಲಾಮರು ಹೆಸರಿಲ್ಲದ ಸಂಖ್ಯೆಗಳು. ಯಜಮಾನನ ಆಸ್ತಿಪಟ್ಟಿಯ ಬಾಬತ್ತುಗಳು. ಅಂದರೆ ವಂಶದ ನೆನಪು ರಕ್ತದಲ್ಲಿ ಹರಿಯುವುದಿಲ್ಲ, ಕಾಗದದಲ್ಲಿ ಉಳಿಯುತ್ತದೆ. ಯಾರ ಹೆಸರನ್ನು ಬರೆಯಬೇಕು, ಯಾರದನ್ನು ಬಿಡಬೇಕೆಂದು ತೀರ್ಮಾನಿಸುವವರು ಆಳುವವರು.

ಚಿತ್ರದುರ್ಗಕ್ಕೆ ಈ ಮಾತು ಇನ್ನೂ ಚೆನ್ನಾಗಿ ಹೊಂದುತ್ತದೆ. ಇಲ್ಲಿನ ಪಾಳೆಯಗಾರರ ಮನೆತನವೂ ವಲಸೆ ಬಂದದ್ದೇ. ತಿರುಪತಿಯ ಕಡೆಯಿಂದ ಹೊರಟ ಬೇಡರ ಕುಟುಂಬಗಳು ನೀರ್ಥಡಿಯ ಸುತ್ತ ನೆಲೆಸಿದವೆಂಬ ಐತಿಹ್ಯ ಗೆಜೆಟಿಯರ್‌ಗಳಲ್ಲಿ ದಾಖಲಾಗಿದೆ. ಮತ್ತಿ ತಿಮ್ಮಣ್ಣ ನಾಯಕನಿಂದ ಆರಂಭಿಸಿ, 1779ರಲ್ಲಿ ಹೈದರಾಲಿಗೆ ಸೆರೆಯಾದ ಕೊನೆಯ ಮದಕರಿ ನಾಯಕನವರೆಗಿನ ಪೀಳಿಗೆಗಳನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆ ಕೊನೆಯ ಮದಕರಿ ನೇರ ವಾರಸುದಾರನಲ್ಲ, ಹೊಸದುರ್ಗ ಸೀಮೆಯ ಜಾನಕಲ್ಲಿನ ಶಾಖೆಯಿಂದ ಬಂದು ಪಟ್ಟವೇರಿದವನು ಎಂಬಂಥ ಸೂಕ್ಷ್ಮ ವಿವರವೂ ನಮಗೆ ತಿಳಿದಿದೆ. ಬಖೈರುಗಳು, ಶಾಸನಗಳು, ಎಂ.ಎಸ್. ಪುಟ್ಟಣ್ಣನವರ ಮತ್ತು ಹುಲ್ಲೂರು ಶ್ರೀನಿವಾಸ ಜೋಯಿಸರ ಪರಿಶ್ರಮ– ಇವೆಲ್ಲ ಆ ವಂಶಾವಳಿಯನ್ನು ಕಾಪಾಡಿದವು.

ಆದರೆ ಕೋಟೆಯ ಬತೇರಿಗಳಲ್ಲಿ ಕಾವಲಿದ್ದವರ ವಂಶಾವಳಿ? ದುರ್ಗ ಬಿದ್ದ ಮೇಲೆ ಹೈದರಾಲಿ ಇಲ್ಲಿಂದ 20 ಸಾವಿರ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ‘ಚೇಲಾ’ ಪಡೆಗಳನ್ನು ಕಟ್ಟಿದನೆಂದೂ ಬಿ.ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಸಂಖ್ಯೆ ಉಳಿಯಿತು, ಹೆಸರುಗಳು ಉಳಿಯಲಿಲ್ಲ. ಅಮೆರಿಕದ ಗುಲಾಮರ ಪಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. 2021ರಿಂದ ಪ್ರತಿ ನವೆಂಬರ್ 11ರಂದು ಸರ್ಕಾರವೇ ಜಯಂತಿ ಆಚರಿಸುವ ಒನಕೆ ಓಬವ್ವನನ್ನೇ ನೋಡಿ. ಆಕೆಯ ಸಾಹಸವನ್ನು ನಾಡೆಲ್ಲ ಬಲ್ಲದು. ಆಕೆಯ ಗುರುತು ಮಾತ್ರ ‘ಕಹಳೆ ಮುದ್ದಹನುಮನ ಹೆಂಡತಿ’ ಎಂಬಲ್ಲಿಗೆ ನಿಲ್ಲುತ್ತದೆ. ತವರು ಯಾವುದು, ಸಂತತಿ ಯಾವುದು ಎಂಬುದಕ್ಕೆ ಕಡತವಿಲ್ಲ. ಜನ ನೆನಪಿಟ್ಟುಕೊಂಡರು, ಆಳಿದವರು ಬರೆದಿಡಲಿಲ್ಲ.

ಹಾಗೆಂದು ಸಾಮಾನ್ಯರ ವಂಶಾವಳಿಯನ್ನು ಯಾರೂ ಬರೆಯಲೇ ಇಲ್ಲವೆಂದಲ್ಲ. ಹೆಳವರು ಬರೆದರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ, ಸುಗ್ಗಿಯ ನಂತರ ಊರಿಗೆ ಬರುತ್ತಿದ್ದ ಈ ಅಲೆಮಾರಿ ಸಮುದಾಯ ಒಕ್ಕಲು ಮನೆಯ ಅಂಗಳದಲ್ಲಿ ನಿಂತು ಆ ಮನೆಯ ಪೀಳಿಗೆಗಳನ್ನು ಹೇಳುತ್ತಿತ್ತು. ಮೂಲ ಊರು, ಬೆಡಗು, ಮನೆದೇವರು, ಊರು ಬಿಟ್ಟ ಕಾರಣ, ಕವಲುಗಳು– ಎಲ್ಲವೂ ಆ ಹೇಳಿಕೆಯಲ್ಲಿರುತ್ತಿದ್ದವು. ಹಿಂದಿನ ಭೇಟಿಯ ನಂತರ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಕೆಲವೊಮ್ಮೆ ಒಂದು ಕರುವನ್ನೂ ಪಡೆದು ಮುಂದಿನ ಊರಿಗೆ ಹೋಗುತ್ತಿತ್ತು. ಓಲೆಗರಿಗಳಿಂದ ಕಾಗದದ ಪುಸ್ತಕಗಳಿಗೆ ಇಳಿದ ಆ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಬರಗಾಲಗಳಿಂದ, ಯುದ್ಧಗಳಿಂದ ಮತ್ತೆ ಮತ್ತೆ ಗುಳೆ ಹೋದ ಈ ಬಯಲುಸೀಮೆಯಲ್ಲಿ ‘ನೀವು ಎಲ್ಲಿಂದ ಬಂದವರು’ ಎಂಬ ಪ್ರಶ್ನೆಗೆ ಉತ್ತರವಿದ್ದುದು ಆ ಪುಸ್ತಕಗಳಲ್ಲಿ.

ಇಂದು ಹೆಳವರ ಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ, ಹೋಗಲೇಬೇಕು. ಭಿಕ್ಷೆಯೊಂದಿಗೆ ತಳುಕು ಹಾಕಿಕೊಂಡ ವೃತ್ತಿಯಲ್ಲೇ ಅವರು ಉಳಿಯಲಿ ಎಂದು ಬಯಸುವುದು ಕ್ರೌರ್ಯ. ಆದರೆ ಅವರ ಪೆಟ್ಟಿಗೆಗಳಲ್ಲಿರುವ ಪುಸ್ತಕಗಳ ಗತಿಯೇನು? ಹರಿದ್ವಾರದ ಪಂಡಾಗಳ ಬಳಿಯಿರುವ ಯಾತ್ರಿಕರ ವಂಶಾವಳಿಗಳನ್ನು ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಸ್ಥೆಯೊಂದು 1970ರ ದಶಕದಲ್ಲೇ ಮೈಕ್ರೊಫಿಲ್ಮ್ ಮಾಡತೊಡಗಿತು. ಸಾವಿರಾರು ಮೈಲಿ ದೂರದವರಿಗೆ ಕಂಡ ಬೆಲೆ ನಮ್ಮ ಕಣ್ಣಿಗೆ ಏಕೆ ಕಾಣಬಾರದು?

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಹೆಳವರ ಪುಸ್ತಕವಾಗಲಿ, ಊರ ಹಿರಿಯರ ನೆನಪಾಗಲಿ ಸಾಮಾನ್ಯವಾಗಿ ಸಾಗುವುದು ತಂದೆಯಿಂದ ಮಗನಿಗೆ. ಹೆಣ್ಣುಮಕ್ಕಳು ‘ಕೊಟ್ಟ ಮನೆ’ಯ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಕಾನೂನು ಆ ಘಟ್ಟವನ್ನು ದಾಟಿ ಬಹಳ ಕಾಲವಾಯಿತು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ತಂದಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೂ ನಾಡಕಚೇರಿಯ ಕಟ್ಟೆಯ ಮೇಲೆ ಬರೆಯುವ ವಂಶವೃಕ್ಷದಿಂದ ಅಕ್ಕತಂಗಿಯರ ಹೆಸರು ಸದ್ದಿಲ್ಲದೆ ಜಾರಿಹೋಗುವುದುಂಟು. ಅಲ್ಲಿ ಬಿಟ್ಟುಹೋದ ಒಂದು ಗೆರೆ ಹತ್ತು ವರ್ಷಗಳ ದಾವೆಯಾಗಿ ನ್ಯಾಯಾಲಯದಲ್ಲಿ ಮರುಹುಟ್ಟು ಪಡೆಯುತ್ತದೆ. ಕಾಲುವೆಯ ಪರಿಹಾರದ ಹಣ ಅಷ್ಟೂ ದಿನ ಠೇವಣಿಯಲ್ಲಿ ಕೊಳೆಯುತ್ತದೆ.

ಹಾಗಾದರೆ ಸರ್ಕಾರದ ಕಡತಗಳು ಏನು ಹೇಳುತ್ತವೆ? ಬಹಳಷ್ಟು ಹೇಳುತ್ತವೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಅಂದಿನಿಂದ ಕೂಡಿಬಂದ ಸರ್ವೆ ದಾಖಲೆ, ಇನಾಂ ಕಡತ, ಕೈಬರಹದ ಪಹಣಿ, ಮ್ಯುಟೇಶನ್ ವಹಿ, ಶಾಲೆಗಳ ದಾಖಲಾತಿ ಪುಸ್ತಕ, 1969ರ ಕಾಯ್ದೆಯನ್ವಯ ಬಂದ ಜನನ–ಮರಣ ವಹಿ– ಇವನ್ನು ಜೋಡಿಸಿದರೆ ಒಂದು ಕುಟುಂಬದ ನಾಲ್ಕೈದು ತಲೆಮಾರುಗಳು ತಾವಾಗಿಯೇ ಎದ್ದು ನಿಲ್ಲಬಲ್ಲವು. 2000ದ ದಶಕದ ಆರಂಭದ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿತು. ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಶುರುವಾಯಿತು. ಆದರೆ ಕಂದಾಯ, ಶಿಕ್ಷಣ, ನೋಂದಣಿ ಇಲಾಖೆಗಳ ಪುಸ್ತಕಗಳು ಒಂದರೊಡನೊಂದು ಮಾತನಾಡುವುದಿಲ್ಲ. ಆದ್ದರಿಂದ ತನ್ನ ಉಗ್ರಾಣದಲ್ಲೇ ಇರುವ ದಾಖಲೆಯನ್ನು ಸರ್ಕಾರ ರೈತನಿಂದ ಕೇಳುತ್ತದೆ. ಪುರಾವೆಯ ಹೊರೆ ಸಂಪೂರ್ಣವಾಗಿ ಅತಿ ದುರ್ಬಲನ ಹೆಗಲಿಗೆ ಬೀಳುತ್ತದೆ. ಮಧ್ಯವರ್ತಿಗಳು ಹುಟ್ಟಿಕೊಳ್ಳುವುದು ಈ ಬಿರುಕಿನಲ್ಲೇ.

ಜಾತಿಯ ಪ್ರಶ್ನೆ ಇದನ್ನು ಮತ್ತಷ್ಟು ಗಾಢವಾಗಿಸಿದೆ. ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ಹಿರಿಯೂರು, ಹೊಸದುರ್ಗಗಳ ಹಟ್ಟಿಗಳಲ್ಲಿ ಬದುಕುವ ಕಾಡುಗೊಲ್ಲರು ಅದೇ ಮಾನ್ಯತೆಗಾಗಿ ಬಹುಕಾಲದಿಂದ ಹೋರಾಡುತ್ತಿದ್ದಾರೆ. ಇಂಥ ಕಡೆ ಅಜ್ಜನ ಶಾಲಾ ದಾಖಲೆಯಲ್ಲಿ ಅಂದಿನ ಮೇಷ್ಟರು ಬರೆದ ಒಂದು ಪದ ಮೊಮ್ಮಗಳ ಕಾಲೇಜು ಸೀಟನ್ನು ನಿರ್ಧರಿಸಬಲ್ಲದು. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆ ಮನೆಮನೆಗೆ ಹೋಗಿ ಜಾತಿ, ಉಪಜಾತಿ ಕೇಳಿತು. 2027ರ ಮಾರ್ಚ್ 1 ಆಧಾರ ದಿನವಾಗಿರುವ ಜನಗಣತಿಯೂ ಜಾತಿಯನ್ನು ಕೇಳುವಂಥದ್ದು. ಎಲ್ಲ ಜಾತಿಗಳ ಎಣಿಕೆ ಪೂರ್ಣಪ್ರಮಾಣದಲ್ಲಿ ಪ್ರಕಟವಾದದ್ದು 1931ರ ಗಣತಿಯಲ್ಲೇ ಕೊನೆ. ಆದರೆ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಂದು ಮನೆಯವರು ಕೊಟ್ಟ ಉತ್ತರವನ್ನು ಆ ಮನೆಯ ಮೊಮ್ಮಕ್ಕಳೂ ನೋಡುವಂತಿಲ್ಲ. ಅದು ಸಾಕ್ಷ್ಯವೂ ಆಗುವುದಿಲ್ಲ. ಅಮೆರಿಕದಲ್ಲಿ 72 ವರ್ಷಗಳ ನಂತರ ಗಣತಿಯ ಮೂಲ ಹಾಳೆಗಳನ್ನೇ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿಯ ಹಾಳೆಗಳು 2022ರಲ್ಲಿ ಬಿಡುಗಡೆಯಾದವು. ನಮ್ಮಲ್ಲಿ ಜನ ಮತ್ತೆ ಮತ್ತೆ ಹೇಳುತ್ತಾರೆ, ಅದು ಅವರ ಸಂತತಿಗೆ ಎಂದೂ ಮರಳಿ ಬರುವುದಿಲ್ಲ.

ವಂಶಾವಳಿಗೆ ಇಷ್ಟು ಮಹತ್ವ ಕೊಟ್ಟರೆ ಜಾತಿಯ ಅಭಿಮಾನ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಆ ಆತಂಕ ನಿರಾಧಾರವಲ್ಲ. ಪ್ಯೂರಿಟನ್ ಪೂರ್ವಿಕರ ಹೆಸರಿನಲ್ಲಿ ಅಮೆರಿಕದ ಸಿರಿವಂತರು ಪ್ರತಿಷ್ಠೆಯ ಸಂಘಗಳನ್ನು ಕಟ್ಟಿಕೊಂಡರು. ಅವರಿಗೆ ಬೇಕಾದ ಪೂರ್ವಿಕರನ್ನು ಸೃಷ್ಟಿಸಿ ಕೊಟ್ಟು ಹಣ ಮಾಡಿದ ಗುಸ್ಟಾವ್ ಆಂಜೂನಂಥ ನಕಲಿ ವಂಶಾವಳಿಕಾರರೂ ಇದ್ದರು. ಪ್ರತಿ ಸಮುದಾಯವೂ ತನಗೊಬ್ಬ ರಾಜನನ್ನು ಹುಡುಕುತ್ತಿರುವ ನಮ್ಮಲ್ಲಿ ಅಂಥ ಕೈಚಳಕಕ್ಕೆ ಗಿರಾಕಿಗಳು ಕಡಿಮೆಯಿರಲಾರರು. ಆದರೆ ಇದಕ್ಕೆ ಮದ್ದು ದಾಖಲೆಯನ್ನು ಮುಚ್ಚಿಡುವುದಲ್ಲ, ಪರಿಶೀಲನೆಗೆ ತೆರೆದಿಡುವುದು. ಸುಳ್ಳು ವಂಶಾವಳಿಗಳು ಚಿಗುರುವುದು ನಿಜವಾದವು ಸಿಗದಿದ್ದಾಗ.

ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ವಂಶವೃಕ್ಷ ಕೇಳುವ ಮೊದಲು ಕಂದಾಯ ಇಲಾಖೆ ತನ್ನ ಬಳಿಯಿರುವ ಹಳೆಯ ನಮೂದುಗಳನ್ನು ಅರ್ಜಿದಾರರಿಗೆ ತಾನೇ ತೋರಿಸಬೇಕು. ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷವನ್ನು ಮಹಜರಿನಲ್ಲಿ ವಿಚಾರಿಸದೆ ಒಪ್ಪಬಾರದು. ಬದುಕಿರುವವರ ವಿವರಗಳನ್ನು ಗೋಪ್ಯವಾಗಿಟ್ಟು, ಮೂರು ತಲೆಮಾರು ಹಿಂದಿನ ಶಾಲಾ ಮತ್ತು ಗ್ರಾಮ ದಾಖಲೆಗಳನ್ನು ತೆರೆಯಬೇಕು. ಹೆಳವರ ಪುಸ್ತಕಗಳನ್ನು, ಒಡೆತನ ಅವರಲ್ಲೇ ಉಳಿಯುವಂತೆ, ಸೂಕ್ತ ಸಂಭಾವನೆ ಕೊಟ್ಟು ಪ್ರತಿ ಮಾಡಿಸಿಕೊಳ್ಳುವ ಹೊಣೆಯನ್ನು ರಾಜ್ಯ ಪತ್ರಾಗಾರ ಅಥವಾ ವಿಶ್ವವಿದ್ಯಾಲಯಗಳು ಹೊರಬೇಕು. ಕುಟುಂಬ ಸಂಬಂಧ ಬಲ್ಲವರ ಮಾತಿಗೆ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬೆಲೆಯಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಹಾಗಿರುವಾಗ ಹೆಳವರ ಹೇಳಿಕೆಯನ್ನು ಜನಪದದ ಕುತೂಹಲವೆಂದಷ್ಟೇ ನೋಡಬೇಕಾಗಿಲ್ಲ.

ರಾಜರ ವಂಶಾವಳಿಯನ್ನು ಆಸ್ಥಾನ ಬರೆಸಿತು. ಪ್ರಜೆಗಳ ರಾಜ್ಯದಲ್ಲಿ ಪ್ರಜೆಗಳ ವಂಶಾವಳಿಯನ್ನು ಕಾಯುವುದು ಪ್ರಭುತ್ವದ ಕರ್ತವ್ಯ. ನಾಡಕಚೇರಿಯ ಕಟ್ಟೆಯ ಮೇಲೆ ಕುಳಿತ ರೈತ ಮುತ್ತಜ್ಜನ ಹೆಸರನ್ನು ಮರೆತಿದ್ದರೆ ಅದು ಅವನ ತಪ್ಪಲ್ಲ. ಒಂದೂವರೆ ಶತಮಾನದಿಂದ ಕಂದಾಯ ವಸೂಲಿ ಮಾಡುವಾಗ ಆ ಹೆಸರನ್ನು ತಪ್ಪದೆ ಬರೆದುಕೊಂಡವರು, ಪರಿಹಾರ ಕೊಡುವಾಗ ಅದನ್ನು ಅವನಿಂದಲೇ ಕೇಳುವುದು ನ್ಯಾಯವಲ್ಲ.