ರಜೆಯೆಂದರೆ ಮದುವೆ-ಬೊಜ್ಜ ಮಾತ್ರವೆ?

1948ರಲ್ಲಿ ಗಿರಣಿಯವರಿಗೆ ಕಾರ್ಖಾನೆ ಕಾಯಿದೆ, ಹೋಟೆಲಿನವರಿಗೆ ಮುಂಬಯಿಯ ಅಂಗಡಿ ಕಾಯಿದೆ ಸಂಬಳಸಹಿತ ರಜೆಯನ್ನು ಬರೆದುಕೊಟ್ಟವು. ಅದು ಧಣಿಗಳ ಧರ್ಮವಲ್ಲ. ದುಡಿದ ದೇಹಕ್ಕೆ ಸಲ್ಲಬೇಕಾದ ವಿಶ್ರಾಂತಿ. ಆದರೆ ನಮ್ಮ ಬಂಧುಗಳು ಅದನ್ನು ಹೇಗೆ ಕಳೆಯುತ್ತಾರೆ? ಊರಿಗೆ ಹೋದರೆ ಮದುವೆ, ಬೊಜ್ಜ, ಜಾಗದ ತಕರಾರು. ಮರಳಿ ಮುಂಬಯಿಗೆ ಬರುವಾಗ ಹೆಚ್ಚಿನ ದಣಿವು, ಮೇಲೆ ಸಾಲ.

ಬೆಟ್ಟದೂರಿನ ವಾಸ ಶ್ರೀಮಂತರ ಷೋಕಿಯೆಂಬ ಭಾವನೆಯನ್ನು ಬಿಡೋಣ. ಕಾರ್ಕಳದಿಂದ ಘಟ್ಟ ಹತ್ತಿದರೆ, 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲಾದ ಕುದುರೆಮುಖದ ಕಾಡು. ತುಂಗೆ ಭದ್ರೆಯರು ಹುಟ್ಟುವುದು ಅಲ್ಲಿಯೇ. ಕಾಡು ದಾಟಿದರೆ ಭದ್ರೆಯ ದಡದಲ್ಲಿ ಕಳಸವೆಂಬ ಸಣ್ಣ ಪೇಟೆ, ಕಳಸೇಶ್ವರನ ಗುಡಿ. 2005ರ ಕೊನೆಯವರೆಗೆ ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಅಗೆದವರೂ ನಮ್ಮಂಥ ಕಾರ್ಮಿಕರೇ. ಬೆಟ್ಟ ಅಗೆಯಲು ನಾವು, ನೋಡಲು ಇತರರು ಎಂದರೆ ಅದು ಯಾವ ನ್ಯಾಯ?

ಆದುದರಿಂದ ಈ ಸಲದ ರಜೆಯಲ್ಲಿ ಎರಡು ದಿನವನ್ನಾದರೂ ತೆಗೆದಿಟ್ಟು, ಹೆಂಡತಿ ಮಕ್ಕಳೊಡನೆ ಬಸ್ಸು ಹತ್ತಿರಿ. ವರ್ಷವಿಡೀ ಊರಿನಲ್ಲಿ ಒಬ್ಬಳೇ ಸಂಸಾರ ತೂಗಿಸುವ ಆಕೆಗೆ ರಜೆ ಕೊಡುವ ಕಾಯಿದೆ ಯಾವುದೂ ಇಲ್ಲ, ಕೊಡಬೇಕಾದವರು ನಾವೇ.