ಟಿಕೆಟ್ ಫುಲ್ ಅಂದ್ಮೇಲೆ ಲೆಕ್ಕವೂ ಫುಲ್

ಭಾಗ 1/7

ಬಿಎಂಟಿಸಿ ಬಸ್ಸಲ್ಲಿ 12 ವರ್ಷ ದಾಟಿದ್ರೆ ಹಾಫ್ ಟಿಕೆಟ್ ಕೇಳೋಕಾಗಲ್ಲ. (ಶಕ್ತಿ ಯೋಜನೆ ಇರೋ ಹುಡುಗೀರನ್ನ ಬಿಟ್ಟು ಹೇಳ್ತಿದ್ದೀನಿ.) ವಿಮಾನದಲ್ಲೂ ಅದೇ ಕಥೆ. 2ರಿಂದ 11 ವರ್ಷದವರು ಮಕ್ಕಳು. 12 ತುಂಬಿತು ಅಂದ್ರೆ ಅಪ್ಪಂಗೆ ಎಷ್ಟು ಟಿಕೆಟ್ಟೋ ನಿಮಗೂ ಅಷ್ಟೇ. ಎಷ್ಟೋ ಹೋಟೆಲ್‌ಗಳ ಲೆಕ್ಕದಲ್ಲೂ ನೀವು ದೊಡ್ಡವರೇ.

ಆದ್ರೆ ಮನೇಲಿ? ಫಾರಿನ್ ಟ್ರಿಪ್ ಮಾತು ಬಂದ ತಕ್ಷಣ ನಾವು ಆರು ವರ್ಷದ ಮಕ್ಕಳಾಗ್ಬಿಡ್ತೀವಿ. "ಕ್ಲಾಸಲ್ಲಿ ಎಲ್ರೂ ಹೋಗಿದ್ದಾರೆ" ಅಂತ ಒಂದು ಡೈಲಾಗ್ ಹೊಡೀತೀವಿ, ಆಮೇಲೆ ರೂಮಿಗೆ ಹೋಗಿ ರೀಲ್ಸ್ ನೋಡ್ತೀವಿ. ಅಪ್ಪ ಯಾವುದೋ ಏಜೆಂಟ್ ಹತ್ರ ಹೋಗಿ "ಐದು ದಿನ, ಮೂರು ಊರು" ಅನ್ನೋ ಪ್ಯಾಕೇಜ್ ತರ್ತಾರೆ. ಅಲ್ಲಿಗೆ ಹೋದ್ಮೇಲೆ ಬಸ್ಸಲ್ಲಿ ಕೂತು ನಾವೇ ಗೊಣಗ್ತೀವಿ.

ನನ್ನ ಅಭಿಪ್ರಾಯ ಇಷ್ಟೇ. ಟಿಕೆಟ್ ಫುಲ್ ಆದ್ಮೇಲೆ ಲೆಕ್ಕದಲ್ಲೂ ನಿಮ್ಮ ಪಾಲು ಫುಲ್ ಆಗ್ಬೇಕು. ಟ್ರಿಪ್ ಕೇಳೋ ಮುಂಚೆ ಅದರ ಖರ್ಚು ನಿಮ್ಮ ಕೈಯಲ್ಲೇ ಬರೆದಿರ್ಬೇಕು. ಪೇರೆಂಟ್ಸ್ ಈ ಪೋಸ್ಟ್ ಓದ್ತಿದ್ರೆ ಅವರಿಗೂ ಒಂದು ಮಾತು: ಬಜೆಟ್ ಮುಚ್ಚಿಟ್ಟು ಮಕ್ಕಳಿಗೆ ಸರ್‌ಪ್ರೈಸ್ ಕೊಡೋದಕ್ಕಿಂತ ಬಜೆಟ್ ತೋರಿಸಿ ಕೆಲಸ ಕೊಡಿ. ಟ್ರಿಪ್ ಕಮ್ಮಿ ದುಡ್ಡಲ್ಲಿ ಮುಗಿಯುತ್ತೆ, ಜಗಳವೂ ಕಮ್ಮಿ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದವರಿಗೆ ಇದು ಇನ್ನೂ ಚೆನ್ನಾಗಿ ಅನ್ವಯ ಆಗುತ್ತೆ. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದಾಗಿಂದ ಊರಿನ ಅರ್ಧ ಜನ ನಮ್ಮ ಮನೆ ಮುಂದೇನೇ ಫಾರಿನ್‌ಗೆ ಹೋಗ್ತಿದ್ದಾರೆ. ಟ್ಯಾಕ್ಸಿ ಮೇಲಿನ ಸೂಟ್‌ಕೇಸ್ ನೋಡಿ ಆಸೆ ಆಗೋದು ಸಹಜ. ಆಸೆ ತಪ್ಪಲ್ಲ, ಲೆಕ್ಕ ಇಲ್ಲದ ಆಸೆ ಮನೆಯವರಿಗೆ ಭಾರ.

ಭಾಗ 2/7: ಮೊದಲು ಎಷ್ಟು, ಆಮೇಲೆ ಎಲ್ಲಿಗೆ

ಈ ಪೋಸ್ಟಿನ ಫೋಟೋದಲ್ಲಿ ಟವರ್ ಇಲ್ಲ, ಬೀಚ್ ಇಲ್ಲ. ನೋಟ್‌ಬುಕ್ಕಿನ ಒಂದು ಹಾಳೆ ಇದೆ. ಬೇಕಂತಲೇ ಹಾಕಿದ್ದು.

ಎಲ್ರೂ ಶುರು ಮಾಡೋದು "ಎಲ್ಲಿಗೆ ಹೋಗೋಣ" ಅಂತ. ಶುರು ಮಾಡ್ಬೇಕಾದ್ದು "ಎಷ್ಟು ದಾಟಬಾರದು" ಅಂತ. ನಾಲ್ಕು ಜನರ ಮನೆ, 3 ರಾತ್ರಿ, ಒಟ್ಟು 1,30,000 ರೂಪಾಯಿ ಅಂತ ಇಟ್ಕೊಳ್ಳಿ. ಇದು ಮಾರ್ಕೆಟ್ ರೇಟ್ ಅಲ್ಲ, ನಾವೇ ಹಾಕ್ಕೊಂಡ ಗೆರೆ:

ವಿಮಾನ (ಬ್ಯಾಗೇಜ್ ಸೇರಿ) – 68,000
ರೂಮು – 18,000
ಊಟ ತಿಂಡಿ – 16,000
ಅಲ್ಲಿನ ಓಡಾಟ, ಇಲ್ಲಿನ ಏರ್‌ಪೋರ್ಟ್ ಓಡಾಟ – 7,000
ಪ್ರವೇಶ ಟಿಕೆಟ್, ಶಾಪಿಂಗ್ – 8,000
ಇನ್ಶೂರೆನ್ಸ್, ಸಿಮ್ – 5,000
ಮುಟ್ಟಬಾರದ ದುಡ್ಡು – 8,000

ಒಂದು ಸಾಲು ಜಾಸ್ತಿ ಆದ್ರೆ ಇನ್ನೊಂದು ಸಾಲಿಂದ ಕಿತ್ಕೋಬೇಕು. ಒಟ್ಟು ಮೊತ್ತ ಮಾತ್ರ ಅಲ್ಲಾಡಬಾರದು. ಏಜೆಂಟ್ "ಕೇವಲ ಇಷ್ಟೇ ಸರ್" ಅಂದಾಗ ಈ ಹಾಳೆ ಹಿಡಿದು ಕೇಳಿ: ಇದರಲ್ಲಿ ಯಾವ ಸಾಲು ಸೇರಿದೆ, ಯಾವುದು ಸೇರಿಲ್ಲ? ವಿದೇಶಿ ಪ್ಯಾಕೇಜ್ ಮೇಲೆ ಟಿಸಿಎಸ್ ಅಂತ ಬೇರೆ ಹಿಡೀತಾರೆ. ಅದನ್ನ ಆಮೇಲೆ ಇನ್ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದ್ರೆ ಬುಕ್ ಮಾಡೋ ದಿನ ಜೇಬಿಂದ ಹೋಗೋದಂತೂ ನಿಜ.

ಪಾಸ್‌ಪೋರ್ಟ್ ಖರ್ಚನ್ನ ಇದರಲ್ಲಿ ಸೇರಿಸಿಲ್ಲ. ಅದು ಒಂದು ಟ್ರಿಪ್ಪಿನದ್ದಲ್ಲ, ವರ್ಷಗಟ್ಟಲೆ ಉಪಯೋಗಕ್ಕೆ ಬರೋದು.

ಭಾಗ 3/7: ಒಂದೇ ಊರು. ಪ್ಲೀಸ್, ಒಂದೇ ಊರು

ನಾಲ್ಕು ದಿನ ಇದ್ದಾಗ ಎರಡನೇ ಊರು ಅನ್ನೋದು ಅತಿ ದುಬಾರಿ ಆಸೆ. ಇನ್ನೊಂದು ಬಸ್ಸು, ಇನ್ನೊಂದು ಚೆಕ್-ಇನ್, ಅರ್ಧ ದಿನ ಲಗೇಜ್ ಎಳೆಯೋದು. ಫೋಟೋ ಎಣಿಕೆ ಜಾಸ್ತಿ ಆಗುತ್ತೆ, ನೋಡಿದ್ದು ಕಮ್ಮಿ ಆಗುತ್ತೆ.

ಬೆಂಗಳೂರಿಂದ ನಾನು ಆರಿಸೋದು ಕೌಲಾಲಂಪುರ. ಕಾರಣ ರೀಲ್ಸ್ ಅಲ್ಲ, ಲೆಕ್ಕ. ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಕಿಲ್ಲ, ಈ ವಿನಾಯಿತಿಯನ್ನ 2026ರ ಕೊನೆವರೆಗೆ ವಿಸ್ತರಿಸಿದ್ದಾರೆ. ಸಿಂಗಪುರ ಸೂಪರ್, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿಗೆ ತಲೆಗೊಂದು ವೀಸಾ ಫೀಸ್ ಕಟ್ಬೇಕು, ರೂಮಿನ ಬಾಡಿಗೆ ನೋಡಿದ್ರೆ ಹಾಳೆಯ ಎರಡನೇ ಸಾಲೇ ಹರಿದುಹೋಗುತ್ತೆ.

ಮಲೇಷ್ಯಾಕ್ಕೆ ಹೊರಡೋ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬ್ಬೇಕು. ಸರ್ಕಾರದ ಅಸಲಿ ಸೈಟಲ್ಲಿ ಇದು ಪೂರ್ತಿ ಉಚಿತ. ದುಡ್ಡು ಕೇಳೋ ಸೈಟ್ ಕಂಡ್ರೆ ಅದು ಬೇರೆ ಯಾರದ್ದೋ ಅಂಗಡಿ, ತಕ್ಷಣ ಮುಚ್ಚಿ. ಮನೇಲಿ ನಾಲ್ಕೂ ಜನರ ಫಾರ್ಮ್ ತುಂಬೋ ಕೆಲಸ ನಿಮ್ಮದು. ಅಪ್ಪನಿಗಿಂತ ನಿಮಗೇ ಬೇಗ ಬರುತ್ತೆ.

ಮನೆಯವರು ಬ್ಯಾಂಕಾಕೋ ಕೊಲಂಬೋನೋ ಅಂದ್ರೂ ಪರವಾಗಿಲ್ಲ. ಹಾಳೆ ಅದೇ, ನಂಬರ್ ಬದಲಾಗುತ್ತೆ. ವೀಸಾ ನಿಯಮ ಮಾತ್ರ ಬುಕ್ ಮಾಡೋ ದಿನ ಆ ದೇಶದ ಅಧಿಕೃತ ಸೈಟಲ್ಲೇ ನೋಡಿ. ಹೋದ ವರ್ಷದ ರೀಲ್ ನಂಬಿ ದುಡ್ಡು ಕಟ್ಬೇಡಿ.

ಭಾಗ 4/7: ಹೆಸರು, ಪಾಸ್‌ಪೋರ್ಟ್, ತಾರೀಖು

ಏರ್‌ಲೈನ್‌ಗೆ 12ಕ್ಕೇ ದೊಡ್ಡವರಾದ ನೀವು ಪಾಸ್‌ಪೋರ್ಟ್ ಆಫೀಸ್‌ಗೆ 18ರವರೆಗೆ ಚಿಕ್ಕವರು. ಮೈನರ್ ಪಾಸ್‌ಪೋರ್ಟಿಗೆ ಫೀಸ್ 1,000 ರೂಪಾಯಿ. ಐದು ವರ್ಷ ಅಥವಾ 18 ತುಂಬೋವರೆಗೆ, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತೆ. 15 ದಾಟಿದವರು 1,500 ಕೊಟ್ಟು ಹತ್ತು ವರ್ಷದ್ದನ್ನೇ ಕೇಳಬಹುದು. ಬಹಳ ದೇಶಗಳು ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರ್ಬೇಕು ಅಂತ ಕೇಳ್ತವೆ. ಏಳನೇ ಕ್ಲಾಸಲ್ಲಿ ಮಾಡಿಸಿದ್ದು ಇದೆಯಲ್ಲ ಅಂತ ಬೀರು ನಂಬಿ ಕೂರಬೇಡಿ. ಇವತ್ತೇ ತೆಗೆದು ತಾರೀಖು ನೋಡಿ. ತತ್ಕಾಲ್‌ಗೆ ಹೋದ್ರೆ ತಲೆಗೆ ಇನ್ನೂ 2,000 ಸೇರುತ್ತೆ.

ಇನ್ನೊಂದು ನಮ್ಮ ಕಡೆಯ ತಲೆನೋವು: ಇನಿಷಿಯಲ್. ಆಧಾರ್‌ನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಲ್ಲಿ ಒಂದು ಥರ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಂತೂ ನಮ್ಮಲ್ಲಿ ತುಂಬ ಜನ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇಟ್ಕೊಂಡು ಬರೋ ಪ್ರವಾಸಿಗಳನ್ನ ಬಿಡಲ್ಲ ಅಂದಾಗ ಎಷ್ಟೋ ಮನೆಗಳಲ್ಲಿ ಗಡಿಬಿಡಿ ಆಯ್ತು. ಹೊಸದಾಗಿ ಮಾಡಿಸೋರು ಇನಿಷಿಯಲ್ ಬಿಡಿಸಿ ಬರೆಸಿ. ಟಿಕೆಟ್ಟಲ್ಲಿ ಪಾಸ್‌ಪೋರ್ಟಿನ ಸ್ಪೆಲಿಂಗೇ ಅಕ್ಷರಕ್ಕಕ್ಷರ ಇರ್ಬೇಕು.

ತಾರೀಖು ವಿಷಯಕ್ಕೆ ಬಂದ್ರೆ, ಎಲ್ರೂ ಹೊರಡೋ ದಿನ ಹೊರಟ್ರೆ ಎಲ್ರೂ ಕೊಡೋ ರೇಟೇ. ಏಪ್ರಿಲ್-ಮೇ ಮತ್ತು ಕ್ರಿಸ್‌ಮಸ್ ವಾರ ಬಿಡಿ. ದಸರಾ ರಜೆಯಲ್ಲಿ ಆಯುಧಪೂಜೆಯ ಲಾಂಗ್ ವೀಕೆಂಡ್ ಬಿಟ್ಟು ಮಂಗಳವಾರ ಹೋಗಿ ಶುಕ್ರವಾರ ಬರೋ ಥರ ಹುಡುಕಿ. ಹೇಗೂ ಗಾಡಿ ಪೂಜೆ ಬಿಟ್ಟು ಅಪ್ಪ ಬರಲ್ಲ.

ಭಾಗ 5/7: ಕಾಣದ ಸಣ್ಣ ಖರ್ಚುಗಳು

ಅಗ್ಗದ ಟಿಕೆಟ್ ಅಗ್ಗ ಆಗಿರೋದು ಬರೀ ಸೀಟಿಗೆ. ಸಾಮಾನ್ಯವಾಗಿ 7 ಕೆ.ಜಿ. ಕೈಚೀಲ ಮಾತ್ರ ಅದರೊಳಗೆ. ಚೆಕ್-ಇನ್ ಬ್ಯಾಗು, ಊಟ, ಸೀಟ್ ಆಯ್ಕೆ ಎಲ್ಲಕ್ಕೂ ಬೇರೆ ದುಡ್ಡು. 3 ರಾತ್ರಿಗೆ ನಾಲ್ಕು ಜನಕ್ಕೆ ಒಂದು ದೊಡ್ಡ ಬ್ಯಾಗು ಧಾರಾಳ ಸಾಕು. ಮೂರು ಜೊತೆ ಶೂ ಬೇಡ.

ಮನೆಯಿಂದ ಏರ್‌ಪೋರ್ಟಿಗೆ ನಾವು ಉತ್ತರದವರು ಪುಣ್ಯವಂತರು. ಜಯನಗರದವರ ಟ್ಯಾಕ್ಸಿ ಬಿಲ್ ನಮಗಿಲ್ಲ. ಹೆಬ್ಬಾಳ, ಯಲಹಂಕ ಕಡೆಯಿಂದ ವಾಯುವಜ್ರ ಬಸ್ ಹತ್ತಿದ್ರೆ ಆಯ್ತು. ಯಶವಂತಪುರ, ಯಲಹಂಕದವರು ಟೈಮ್ ಹೊಂದಿದ್ರೆ 2021ರಲ್ಲಿ ಶುರುವಾದ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್‌ಗೆ ರೈಲು ನೋಡಬಹುದು. ರೈಲು ಕಮ್ಮಿ, ಹಾಗಾಗಿ ಅದನ್ನೇ ನಂಬ್ಕೊಂಡು ಹೊರಡ್ಬೇಡಿ.

ಅಲ್ಲಿ ಇಳಿದ ಮೇಲೆ ಊರು 50 ಕಿ.ಮೀ.ಗಿಂತ ಜಾಸ್ತಿ ದೂರ. ಎಕ್ಸ್‌ಪ್ರೆಸ್ ರೈಲಿಗೆ ದೊಡ್ಡವರೊಬ್ಬರಿಗೆ 55 ರಿಂಗಿಟ್. ನಾಲ್ಕು ಜನಕ್ಕೆ 220. ಆ್ಯಪ್ ಟ್ಯಾಕ್ಸಿ ಒಂದು ಕಾರಿಗೆ ಸಾಮಾನ್ಯವಾಗಿ ಅದರ ಅರ್ಧಕ್ಕೆ ಸಿಗುತ್ತೆ. ಬಸ್ಸು ಇನ್ನೂ ಅಗ್ಗ. ಒಬ್ಬರೇ ಹೋಗೋರ ವಿಡಿಯೋ ನೋಡಿ ಫ್ಯಾಮಿಲಿ ಲೆಕ್ಕ ಹಾಕ್ಬಾರದು ಅನ್ನೋದು ಇದಕ್ಕೇ.

ವಿದೇಶಿ ಪ್ರವಾಸಿಗರಿಗೆ ಒಂದು ರೂಮಿಗೆ ಒಂದು ರಾತ್ರಿಗೆ 10 ರಿಂಗಿಟ್ ಪ್ರವಾಸ ತೆರಿಗೆ ಇದೆ. ಎರಡು ರೂಮು, ಮೂರು ರಾತ್ರಿ ಅಂದ್ರೆ 60 ರಿಂಗಿಟ್, ಸಾವಿರ ರೂಪಾಯಿಗಿಂತ ಮೇಲೆ. ಅಪ್ಪನ ಕಾರ್ಡ್ ಉಜ್ಜೋ ಮುಂಚೆ ಬ್ಯಾಂಕ್ ವಿದೇಶಿ ಕರೆನ್ಸಿ ಮೇಲೆ ಎಷ್ಟು ಪರ್ಸೆಂಟ್ ಹಿಡಿಯುತ್ತೆ ನೋಡಿ, ಬಹಳ ಕಾರ್ಡುಗಳಲ್ಲಿ 3.5ರವರೆಗೂ ಇದೆ. ಇನ್ಶೂರೆನ್ಸ್ ಮಾತ್ರ ಉಳಿಸೋ ಜಾಗ ಅಲ್ಲ. ನಾಲ್ಕೈದು ದಿನಕ್ಕೆ ಒಬ್ಬರಿಗೆ ಕೆಲವು ನೂರು ರೂಪಾಯಿ ಅಷ್ಟೇ. ಅಲ್ಲಿ ಕಾಲು ಉಳುಕಿದ್ರೆ ಗೊತ್ತಾಗುತ್ತೆ ಅದರ ಬೆಲೆ.

ಭಾಗ 6/7: ಅರ್ಧ ದಿನದ ರೂಲ್

ಮನೆಯ ಪ್ರತಿಯೊಬ್ಬರಿಗೂ ಒಂದು ಅರ್ಧ ದಿನ. ಆ ಅರ್ಧ ದಿನ ಎಲ್ಲಿಗೆ ಅಂತ ಅವರೇ ಹೇಳ್ತಾರೆ, ಉಳಿದವರು ಮುಖ ಗಂಟಿಕ್ಕದೇ ಹೋಗ್ತಾರೆ. ಸರಿಯಾಗಿ ನಾಲ್ಕು ಅರ್ಧ ದಿನ, ಉಳಿದ ಹೊತ್ತು ನಿದ್ದೆಗೆ, ಸುಮ್ನೆ ಅಡ್ಡಾಡೋದಕ್ಕೆ.

ಅಮ್ಮ ಬಾಟು ಕೇವ್ಸ್ ಅಂತಾರೆ ಅಂತ ಇಟ್ಕೊಳ್ಳಿ. 272 ಮೆಟ್ಟಿಲು, ಮುಂದೆ 42.7 ಮೀಟರ್ ಎತ್ತರದ ಮುರುಗನ್. ಕುಕ್ಕೆಗೆ ಹೋಗೋ ಮನೆಯವರಿಗೆ ಅವನು ನಮ್ಮ ಸುಬ್ರಹ್ಮಣ್ಯನೇ. ಕೆಎಲ್ ಸೆಂಟ್ರಲ್‌ನಿಂದ ಲೋಕಲ್ ಟ್ರೈನು ಅಲ್ಲಿಗೇ ಹೋಗುತ್ತೆ. ಬಿಸಿಲೇರೋ ಮುಂಚೆ ಹೋಗಿ, ಮಂಡಿ ಮುಚ್ಚೋ ಬಟ್ಟೆ ಹಾಕಿ, ಕೈಯಲ್ಲಿ ತಿಂಡಿ ಇಟ್ಕೊಂಡ್ರೆ ಕೋತಿಗಳು ಪಾಲು ಕೇಳ್ತವೆ. ಅಪ್ಪನ ಅರ್ಧ ದಿನ ಮೆರ್ಡೇಕಾ ಚೌಕಕ್ಕೆ. 1957ರಲ್ಲಿ ಬ್ರಿಟಿಷ್ ಬಾವುಟ ಇಳಿದ ಜಾಗ. ಅಲ್ಲಿಂದ ನಡೆದ್ರೆ ಎರಡು ನದಿ ಸೇರೋ ಜಾಗದಲ್ಲಿ ಹಳೇ ಮಸೀದಿ. ಕೌಲಾಲಂಪುರ ಅಂದ್ರೆ ಕೆಸರು ಸಂಗಮ ಅಂತ ಅರ್ಥ, ಊರು ಹುಟ್ಟಿದ್ದೇ ಅಲ್ಲಿ. ಖರ್ಚು ಸೊನ್ನೆ.

ಪೆಟ್ರೋನಾಸ್ ಟವರ್ ನಿಮ್ಮ ಪಾಲು ಅಂದ್ರೆ ನನ್ನ ಸಲಹೆ: ಮೇಲೆ ಹತ್ತಬೇಡಿ. ಮೇಲೆ ಹೋದ್ರೆ ಟವರೇ ಕಾಣಲ್ಲ! ಸಂಜೆ ಕೆಳಗಿನ ಪಾರ್ಕಲ್ಲಿ ಕೂತ್ರೆ 452 ಮೀಟರೂ ಕಾಣುತ್ತೆ, ಕಾರಂಜಿಯೂ ಕಾಣುತ್ತೆ, ಉಚಿತವಾಗಿ.

ದಾರಿ ತೋರಿಸೋದು ನೀವು. ಯಾವ ರೈಲು, ಯಾವ ಸ್ಟೇಷನ್, ವಾಪಸ್ ಎಷ್ಟೊತ್ತಿಗೆ ಅನ್ನೋದೆಲ್ಲ ನಿಮ್ಮ ತಲೆನೋವು. ಬೇರೆ ದೇಶದಲ್ಲಿ ಅಪ್ಪ ನಿಮ್ಮ ಹಿಂದೆ ನಡೆಯೋದು ಒಂಥರಾ ಹೊಸ ಅನುಭವ, ಇಬ್ಬರಿಗೂ.

ಊಟದ ವಿಷಯ: ವೆಜ್ ಆಗಿದ್ರೆ ನಾಸಿ ಲೆಮಾಕ್ ಕೇಳೋ ಮುಂಚೆ ವಿಚಾರಿಸಿ. ಅದರ ಮೇಲೆ ಒಣ ಮೀನು ಇರುತ್ತೆ, ಸಂಬಲ್‌ನಲ್ಲಿ ಸಿಗಡಿ ಹಾಕಿರ್ತಾರೆ. ಬ್ರಿಕ್‌ಫೀಲ್ಡ್ಸ್ ಕಡೆ ಬಾಳೆಎಲೆ ಊಟ ಆರಾಮಾಗಿ ಸಿಗುತ್ತೆ. ಅಮ್ಮ ಚಟ್ನಿಪುಡಿ, ಅವಲಕ್ಕಿ ಕಟ್ಕೊಂಡ್ರೆ ಸರಿ. ಕುಕ್ಕರ್ ಕಟ್ಕೊಳ್ಳೋಕೆ ಬಿಡಬೇಡಿ. ಅವರಿಗೂ ಅದು ರಜೆ. ಊಟದ ಸಾಲಲ್ಲಿ ದುಡ್ಡು ಉಳಿಸೋಕೆ ಅವರನ್ನ ರೂಮಲ್ಲಿ ಉಪ್ಪಿಟ್ಟು ಮಾಡೋಕೆ ನಿಲ್ಲಿಸಿದ್ರೆ ಟ್ರಿಪ್ ಹೋಗಿದ್ದು ಮೂರೇ ಜನ.

ಭಾಗ 7/7: ಹೋಗದೇ ಇರೋ ಆಯ್ಕೆ

"ಅಷ್ಟು ದುಡ್ಡಲ್ಲಿ ಹಂಪಿ, ಬಾದಾಮಿ, ಕೊಡಗು ಎಲ್ಲ ನೋಡ್ಬಹುದಲ್ಲ?" ನೋಡ್ಬಹುದು. ಈ ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ: ಹಂಪಿಗೆ ಹೋಗೋಕೆ ಇನ್ನೂ ಎಷ್ಟೋ ಅವಕಾಶ ಸಿಗುತ್ತೆ. ಭಾಷೆ, ದುಡ್ಡು, ದಾರಿ ಮೂರೂ ಗೊತ್ತಿಲ್ಲದ ಊರಲ್ಲಿ ನಾಲ್ಕು ದಿನ ನಡೆಸ್ಕೊಂಡು ಹೋಗೋದನ್ನ ಮನೆಯವರ ಜೊತೆ ಇರುವಾಗಲೇ ಕಲಿಯೋದು ಒಳ್ಳೇದು. ಸೆಕೆಂಡ್ ಪಿಯು ಮುಗಿದ್ರೆ ಒಬ್ಬರು ಹಾಸ್ಟೆಲ್, ಒಬ್ಬರು ಬೇರೆ ಊರು. ನಾಲ್ಕೂ ಜನಕ್ಕೆ ಒಟ್ಟಿಗೆ ರಜೆ ಸಿಗೋದೇ ಕಷ್ಟ.

ಆದ್ರೆ ಒಂದು ಗೆರೆ ನಾನು ದಾಟಲ್ಲ: ಇಎಂಐ. "ಈಗ ಹೋಗಿ, ಆಮೇಲೆ ಕಟ್ಟಿ" ಅನ್ನೋ ಆಫರ್ ನೋಡಿದ್ರೆ ಅದು ಟ್ರಿಪ್ಪಲ್ಲ, ಸಾಲ. ನಾಲ್ಕು ದಿನದ ಖುಷಿಗೆ ಹನ್ನೆರಡು ತಿಂಗಳು ಅಪ್ಪನ ಸಂಬಳದಲ್ಲಿ ಕಟ್ಟಾಗೋದು ಬೇಡ. ಅಕ್ಕನ ಕಾಲೇಜ್ ಫೀಸಿಗೆ ಅಂತ ಹಾಕಿದ ಚೀಟಿ ದುಡ್ಡೂ ಬೇಡ. ಹಾಳೆಯಲ್ಲಿ ಒಟ್ಟು ಮೊತ್ತ ಹೊಂದಲಿಲ್ಲ ಅಂದ್ರೆ ಉತ್ತರ "ಈ ವರ್ಷ ಬೇಡ" ಅಂತ. ಆ ಮಾತನ್ನ ಅಪ್ಪ-ಅಮ್ಮನ ಬಾಯಲ್ಲಿ ಹೇಳಿಸ್ಬೇಡಿ. ಲೆಕ್ಕ ಹಾಕಿದವರು ನೀವು, ನೀವೇ ಹೇಳಿ. ಮನೇಲಿ "ಬೇಡ" ಅನ್ನೋಕೆ ಎಷ್ಟು ಸಂಕಟ ಪಡ್ತಾರೆ ಅನ್ನೋದು ನಮಗೆ ಕಾಣಲ್ಲ, ಅವರು ಕಾಣೋಕೆ ಬಿಡಲ್ಲ.

ಹೋಗಿ ಬಂದವರಿಗೆ ಕೊನೇ ಮಾತು. ಫೋಟೋ ಹಾಕಿ, ಖಂಡಿತ ಹಾಕಿ. ಜೊತೆಗೆ ಖರ್ಚಿನ ಹಾಳೆಯನ್ನೂ ಹಾಕಿ. ಕ್ಲಾಸಲ್ಲಿ ಪಾಸ್‌ಪೋರ್ಟೇ ಇಲ್ಲದವರು ಇದ್ದಾರೆ, ಅವರಿಗೆ ನಿಮ್ಮ ಟವರ್ ಫೋಟೋ ಬರೀ ಹೊಟ್ಟೆ ಉರಿ. ಹಾಳೆ ಆದ್ರೆ ಎರಡು ವರ್ಷ ಬಿಟ್ಟು ಅವರ ಮನೆಗೂ ಉಪಯೋಗಕ್ಕೆ ಬರುತ್ತೆ.

ಎರಡನೇ ಪೋಸ್ಟ್ ಸೇವ್ ಮಾಡ್ಕೊಂಡು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೇಲಿ ತೋರಿಸಿ. ಯಾವ ಸಾಲಿಗೆ ಮೊದಲು ಜಗಳ ಬಂತು ಅಂತ ಕಾಮೆಂಟಲ್ಲಿ ಬರೀರಿ. ನಮ್ಮನೇಲಿ ಶಾಪಿಂಗ್ ಸಾಲಿಗೆ.

#ಫುಲ್‌ಟಿಕೆಟ್‌ಫುಲ್‌ಲೆಕ್ಕ #ಯಲಹಂಕ #ಉತ್ತರಬೆಂಗಳೂರು #ಕನ್ನಡದಲ್ಲಿಟ್ರಾವೆಲ್